ಕಿಲ್ಡೇರ್ ಬೀದಿಯ ಗ್ರಂಥಭಂಡಾರ: ಯೇಟ್ಸ್ ಕವಿಯ ಪುಸ್ತಕಗಳು ಮತ್ತು ಪಾಠಾಂತರದ ಪ್ರಶ್ನೆ

ಡಬ್ಲಿನ್ ನಗರದ ಕಿಲ್ಡೇರ್ ಬೀದಿಯಲ್ಲಿರುವ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯಕ್ಕೂ ಕವಿ ವಿಲಿಯಂ ಬಟ್ಲರ್ ಯೇಟ್ಸನಿಗೂ (1865-1939) ಇದ್ದ ನಂಟು ಎರಡು ಬಗೆಯದು. ಮೊದಲನೆಯದು ಓದುಗನ ನಂಟು. 1877ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ 1890ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಅದಕ್ಕೂ ಮೊದಲೇ, ಇನ್ನೂ ಇಪ್ಪತ್ತರ ಹರೆಯದ ಯೇಟ್ಸ್ ಅದರ ಪುಸ್ತಕಗಳನ್ನು ಓದುತ್ತಿದ್ದನು. ಅಲ್ಲಿ ಕೆಲಸಕ್ಕಿದ್ದ ಥಾಮಸ್ ವಿಲಿಯಂ ಲಿಸ್ಟರ್ ಎಂಬ ವಿದ್ವಾಂಸರು ಆತನಿಗೆ ಎಲಿಜಬೆತ್ ಯುಗದ ಕವಿಗಳನ್ನು ಪರಿಚಯಿಸಿದರು; 1885ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಆತನ ಮೊದಲ ನೀಳ್ಗವಿತೆಯ ಕರಡಚ್ಚನ್ನು ತಿದ್ದಲು ನೆರವಾದರು. ಮುಂದೆ ಲಿಸ್ಟರರು ಆ ಗ್ರಂಥಾಲಯದ ಮುಖ್ಯಸ್ಥರಾದರು. ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಕಾದಂಬರಿಯ ಗ್ರಂಥಾಲಯದ ಪ್ರಕರಣದಲ್ಲಿ ಬರುವ ಕ್ವೇಕರ್ ಪಂಥದ ಗ್ರಂಥಪಾಲರು ಇವರೇ. ಅವರು ತೀರಿಕೊಂಡ ಬಳಿಕ, 1926ರಲ್ಲಿ, ಗ್ರಂಥಾಲಯದಲ್ಲಿ ನಿಲ್ಲಿಸಿದ ಸ್ಮಾರಕ ಫಲಕದ ಸಮಾರಂಭದಲ್ಲಿ ಯೇಟ್ಸ್ ಮಾತನಾಡಿದನು. ಆಗ ಆತ ನೊಬೆಲ್ ಪುರಸ್ಕೃತ, ಐರಿಷ್ ಸ್ವತಂತ್ರ ರಾಜ್ಯದ ಸೆನೆಟ್ ಸದಸ್ಯ.

ಎರಡನೆಯ ನಂಟು ಕವಿಯ ಮರಣದ ನಂತರದ್ದು. ಇಂದು ಅದೇ ಗ್ರಂಥಾಲಯದಲ್ಲಿ ಯೇಟ್ಸನ ಹಸ್ತಪ್ರತಿಗಳೂ ಆತನ ಸ್ವಂತ ಪುಸ್ತಕಭಂಡಾರವೂ ಇವೆ. ಒಬ್ಬ ಆಧುನಿಕ ಕವಿಯನ್ನು ಕುರಿತ ಇಷ್ಟು ಸಮಗ್ರವಾದ ಸಂಗ್ರಹ ಒಂದೇ ಸೂರಿನಡಿ ಇರುವುದು ಅಪರೂಪ. ಆದರೆ ಈ ಲೇಖನದ ಉದ್ದೇಶ ಅಪರೂಪದ ವಸ್ತುಗಳ ಪಟ್ಟಿ ಕೊಡುವುದಲ್ಲ. ಇಂಥ ಸಂಗ್ರಹ ಇಲ್ಲದೆ ಹೋಗಿದ್ದರೆ ಯೇಟ್ಸನನ್ನು ನಾವು ಓದುವ ರೀತಿಯಲ್ಲಿ ಏನು ತಪ್ಪುತ್ತಿತ್ತು ಎಂಬುದು ನನ್ನ ಪ್ರಶ್ನೆ. ಗ್ರಂಥಸಂಪಾದನೆಯ ಕೆಲಸದಲ್ಲಿ ಆಸಕ್ತಿಯುಳ್ಳವರಿಗೆ ಇದು ದೂರದ ವಿಷಯವೆನಿಸಲಾರದು.

ಈ ಸಂಗ್ರಹ ಉಳಿದುದಕ್ಕೆ ಮುಖ್ಯ ಕಾರಣ ಕವಿಪತ್ನಿ ಜಾರ್ಜ್ ಯೇಟ್ಸ್. 1917ರಲ್ಲಿ ಮದುವೆಯಾದಾಗ ಅವರಿಗೆ ಇಪ್ಪತ್ತೈದು ವರ್ಷ, ಕವಿಗೆ ಐವತ್ತೆರಡು. ಮದುವೆಯಾದ ಕೆಲವೇ ದಿನಗಳಲ್ಲಿ ಆರಂಭವಾದ ಅವರ ‘ಸ್ವಯಂಲೇಖನ’ದ ಕಾಗದಗಳೇ ಮೂರೂವರೆ ಸಾವಿರ ಪುಟಗಳನ್ನು ಮೀರುತ್ತವೆ, ‘ಎ ವಿಷನ್’ ಎಂಬ ವಿಚಿತ್ರ ಗ್ರಂಥ ಹುಟ್ಟಿದ್ದು ಆ ಕಾಗದಗಳಿಂದ. ಅದರ ಮೊದಲ ಮುದ್ರಣ 600 ಪ್ರತಿಗಳಿಗೆ ಸೀಮಿತವಾಗಿತ್ತು. 1939ರ ಜನವರಿ 28ರಂದು ಫ್ರಾನ್ಸಿನ ದಕ್ಷಿಣ ತೀರದಲ್ಲಿ ಕವಿ ತೀರಿಕೊಂಡ ಮೇಲೆ ಜಾರ್ಜ್ ಸುಮಾರು ಮೂವತ್ತು ವರ್ಷ ಬದುಕಿದರು. ಅಷ್ಟೂ ಕಾಲ ಡಬ್ಲಿನ್ನಿನ ತಮ್ಮ ಮನೆಯಲ್ಲಿ ಹಸ್ತಪ್ರತಿ, ಪತ್ರ, ಕರಡಚ್ಚು, ಪುಸ್ತಕಗಳನ್ನು ಕಾಯ್ದುಕೊಂಡರು. ಕಾಯುವುದೆಂದರೆ ಪೆಟ್ಟಿಗೆಯಲ್ಲಿ ಮುಚ್ಚಿಡುವುದಲ್ಲ ಎಂಬ ವಿವೇಕವೂ ಅವರಿಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಡಬ್ಲಿನ್ನಿಗೆ ಬಂದ ಅಮೆರಿಕದ ತರುಣ ಸಂಶೋಧಕ ರಿಚರ್ಡ್ ಎಲ್ಮನ್ ಅವರಿಗೆ ಬೇಕಾದ ಹಸ್ತಪ್ರತಿಗಳನ್ನು ಒಂದು ಹಳೆಯ ಸೂಟ್‌ಕೇಸಿಗೆ ತುಂಬಿ ಮನೆಗೆ ಒಯ್ಯಲು ಕೊಟ್ಟರಂತೆ. ಇಂದಿನ ಯಾವ ಗ್ರಂಥಪಾಲರೂ ಕನಸಿನಲ್ಲಿಯೂ ಒಪ್ಪದ ಈ ಔದಾರ್ಯದ ಫಲವಾಗಿಯೇ 1948ರಲ್ಲಿ ಎಲ್ಮನ್ ಅವರ ‘ಯೇಟ್ಸ್: ದಿ ಮ್ಯಾನ್ ಅಂಡ್ ದಿ ಮಾಸ್ಕ್ಸ್’ ಹೊರಬಂತು. ನಾರ್ಮನ್ ಜೆಫರ್ಸ್, ಕರ್ಟಿಸ್ ಬ್ರಾಡ್‌ಫರ್ಡ್ ಮೊದಲಾದವರು ಕೂಡ ಇದೇ ಮನೆಯ ಋಣಿಗಳು. ನಮ್ಮ ಪರಂಪರೆಯಲ್ಲಿ ಶಾಸ್ತ್ರದಾನಕ್ಕೆ ಇರುವ ಸ್ಥಾನ ಬಲ್ಲವರಿಗೆ ಈ ಹೆಂಗಸಿನ ಹಿರಿಮೆ ಬೇಗ ಅರ್ಥವಾಗುತ್ತದೆ.

ಹಸ್ತಪ್ರತಿಗಳು ಕಂತುಕಂತಾಗಿ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದವು. ಮೊದಲು ಜಾರ್ಜ್ ಅವರಿಂದ, ಮುಂದೆ 1985ರಲ್ಲಿ ಮಗ ಮೈಕೇಲ್ ಯೇಟ್ಸ್ ಅವರಿಂದ ದೊಡ್ಡ ದಾನಗಳು ಬಂದವು. ಪುಸ್ತಕಗಳು ಮಾತ್ರ ಚಿತ್ರಕಲಾವಿದೆಯಾಗಿದ್ದ ಮಗಳು ಆನ್ ಯೇಟ್ಸ್ ಅವರ ಮನೆಯಲ್ಲಿ ಉಳಿದಿದ್ದವು. ಎಡ್ವರ್ಡ್ ಓ’ಶೇ ಎಂಬ ವಿದ್ವಾಂಸರು ಅವನ್ನು ಒಂದೊಂದಾಗಿ ತೆರೆದು ನೋಡಿ 1985ರಲ್ಲಿ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದರು. 2001ರಲ್ಲಿ ಆನ್ ತೀರಿಕೊಂಡ ಬಳಿಕ ಆ ಪುಸ್ತಕಭಂಡಾರವೂ ಕಿಲ್ಡೇರ್ ಬೀದಿಗೆ ಬಂತು.

ಓ’ಶೇ ಅವರ ಸೂಚಿಯನ್ನು ನೋಡಿದರೆ ಕವಿಯ ಓದಿನ ಬಗ್ಗೆ ಎಷ್ಟೋ ಊಹೆಗಳು ಕುಸಿಯುತ್ತವೆ, ಎಷ್ಟೋ ದೃಢವಾಗುತ್ತವೆ. ಯಾವ ಪುಸ್ತಕದ ಅಂಚಿನಲ್ಲಿ ಗೀಟು ಇದೆ, ಯಾವುದರಲ್ಲಿ ಟಿಪ್ಪಣಿ ಇದೆ, ಯಾವುದರ ಹಾಳೆಗಳನ್ನು ಕತ್ತರಿಸಿ ಬಿಡಿಸಿಯೇ ಇಲ್ಲ ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ಹಾಳೆ ಕತ್ತರಿಸದ ಪುಸ್ತಕವನ್ನು ಹಿಡಿದು ‘ಪ್ರಭಾವ’ದ ಅಧ್ಯಾಯ ಬರೆಯುವ ಸಂಶೋಧಕನಿಗೆ ಇದೊಂದು ಎಚ್ಚರಿಕೆ. ನೊಬೆಲ್ ಹಣ ಬಂದಾಗ ಆತ ಕೊಂಡ ಪುಸ್ತಕಗಳಲ್ಲಿ ಬ್ರಿಟಾನಿಕ ವಿಶ್ವಕೋಶವೂ ಗಿಬ್ಬನ್ನನ ರೋಮನ್ ಇತಿಹಾಸವೂ ಇದ್ದವು. ಅಂದರೆ ಐವತ್ತೆಂಟರ ವಯಸ್ಸಿನಲ್ಲಿಯೂ ಆತ ವಿದ್ಯಾರ್ಥಿಯಂತೆ ಇತಿಹಾಸ ಓದಲು ಕುಳಿತನು. ಎಲ್ಲಕ್ಕಿಂತ ಬೆಲೆಯುಳ್ಳವು ಆತನ ಸ್ವಂತ ಕೃತಿಗಳ ಆತನದೇ ಪ್ರತಿಗಳು. ಅಚ್ಚಾದ ಪುಸ್ತಕ ಯೇಟ್ಸನಿಗೆ ಮುಗಿದ ಕೃತಿಯಾಗಿರಲಿಲ್ಲ, ಮುಂದಿನ ಆವೃತ್ತಿಯ ಕರಡಾಗಿತ್ತು. ಅದರ ಮೇಲೆಯೇ ಪೆನ್ನು ಹಿಡಿದು ಪದ ಹೊಡೆದು ಹಾಕಿ, ಸಾಲು ಬದಲಿಸಿ ಮುದ್ರಣಕ್ಕೆ ಸಿದ್ಧಗೊಳಿಸುತ್ತಿದ್ದನು.

ಯೇಟ್ಸನ ವಿಷಯದಲ್ಲಿ ಅಪರೂಪದ ಮುದ್ರಣಗಳು ಕೇವಲ ಸಂಗ್ರಾಹಕರ ಹವ್ಯಾಸವಾಗಿ ಉಳಿಯದಿರಲು ಕಾರಣ ಇದೇ. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಪಾಠಾಂತರಗಳು ಹುಟ್ಟುವುದು ಬಹುಮಟ್ಟಿಗೆ ಲಿಪಿಕಾರರ ಕೈಯಲ್ಲಿ. ಕವಿಯ ಮೂಲಪಾಠ ಒಂದಿತ್ತು, ಕಾಲಕ್ರಮದಲ್ಲಿ ಅದು ಕೆಟ್ಟಿತು, ಅದನ್ನು ಮರಳಿ ಹುಡುಕಬೇಕು ಎಂಬ ನಂಬಿಕೆಯಿಂದ ಸಂಪಾದಕ ಹೊರಡುತ್ತಾನೆ. ಯೇಟ್ಸನಲ್ಲಿ ಪಾಠಾಂತರಗಳ ಕರ್ತೃ ಕವಿಯೇ. ‘ದಿ ಸಾರೋ ಆಫ್ ಲವ್’ ಎಂಬ ಹನ್ನೆರಡು ಸಾಲಿನ ಕವಿತೆ 1892ರ ಪುಸ್ತಕದಲ್ಲಿ ಒಂದು ಬಗೆಯಾಗಿದೆ, 1925ರಲ್ಲಿ ಹೆಚ್ಚುಕಡಿಮೆ ಬೇರೆ ಕವಿತೆಯೇ ಆಗಿದೆ. ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ ಸ್ಟೀಫನ್ ರೂಡಿಯವರ ಜೊತೆಗೂಡಿ ಈ ಒಂದೇ ಕವಿತೆಯ ರೂಪಾಂತರವನ್ನು ಕುರಿತು ಒಂದು ಕಿರುಗ್ರಂಥವನ್ನೇ ಬರೆದರು. ಹಳೆಯ ಕವಿತೆಗಳನ್ನು ಒಲಿದಿದ್ದ ಗೆಳೆಯರು ಈ ತಿದ್ದಾಟವನ್ನು ಆಕ್ಷೇಪಿಸಿದಾಗ ಯೇಟ್ಸ್ ನಾಲ್ಕು ಸಾಲಿನ ಒಂದು ಪದ್ಯದಲ್ಲಿಯೇ ಅವರಿಗೆ ಉತ್ತರ ಕೊಟ್ಟು, ಅದನ್ನು 1908ರ ಎಂಟು ಸಂಪುಟಗಳ ಸಮಗ್ರ ಕೃತಿಗಳಲ್ಲಿ ಸೇರಿಸಿದನು. ಈ ಎಲ್ಲ ರೂಪಗಳನ್ನು ಒಂದೆಡೆ ತೋರಿಸುವ ಪಾಠಾಂತರ ಸಹಿತ ಆವೃತ್ತಿಯನ್ನು ಪೀಟರ್ ಆಲ್ಟ್ ಮತ್ತು ರಸೆಲ್ ಆಲ್ಸ್‌ಪಾಕ್ 1957ರಲ್ಲಿ ಹೊರತಂದರು. ಅದಕ್ಕೂ ಮೊದಲು, 1951ರಲ್ಲಿ, ಆಲನ್ ವೇಡ್ ಅವರ ಗ್ರಂಥಸೂಚಿ ಬಂದಿತ್ತು; ಯೇಟ್ಸನ ಪುಸ್ತಕಗಳನ್ನು ಇಂದಿಗೂ ವ್ಯಾಪಾರಿಗಳೂ ವಿದ್ವಾಂಸರೂ ವೇಡ್ ಕೊಟ್ಟ ಸಂಖ್ಯೆಯಿಂದಲೇ ಗುರುತಿಸುತ್ತಾರೆ.

ಪುಸ್ತಕಗಳ ಕಡೆಗೆ ಬರೋಣ. ಮೊದಲನೆಯದು ‘ಮೊಸಾಡಾ’, 1886. ಪತ್ರಿಕೆಯಲ್ಲಿ ಬಂದ ನಾಟಕೀಯ ಕವಿತೆಯನ್ನು ಬೇರೆಯಾಗಿ ಅಚ್ಚು ಹಾಕಿಸಿದ ತೆಳುವಾದ ಪುಸ್ತಿಕೆ. ನೂರು ಪ್ರತಿ ಮಾತ್ರ. ಮುಖಚಿತ್ರವಾಗಿ ಕವಿಯ ತಂದೆ ಜಾನ್ ಬಟ್ಲರ್ ಯೇಟ್ಸ್ ಬರೆದ ಮಗನ ರೇಖಾಚಿತ್ರ. ಮುಂದೆ ಕವಿ ಈ ಕೃತಿಯನ್ನು ತನ್ನ ಸಂಕಲನಗಳಿಂದ ಕೈಬಿಟ್ಟನು. 1889ರ ‘ದಿ ವಾಂಡರಿಂಗ್ಸ್ ಆಫ್ ಒಶೀನ್’ 500 ಪ್ರತಿ ಅಚ್ಚಾಯಿತು. 1897ರ ‘ದಿ ಸೀಕ್ರೆಟ್ ರೋಸ್’ ಮತ್ತು 1899ರ ‘ದಿ ವಿಂಡ್ ಅಮಂಗ್ ದಿ ರೀಡ್ಸ್’ ಪುಸ್ತಕಗಳ ರಟ್ಟಿನ ಮೇಲೆ ಆಲ್ಥಿಯಾ ಗೈಲ್ಸ್ ಎಂಬ ಕಲಾವಿದೆ ಬಿಡಿಸಿದ ಹೊನ್ನಿನ ವಿನ್ಯಾಸಗಳಿವೆ. ಕವಿತೆಯ ಸಂಕೇತಗಳು ಹೊದಿಕೆಯಿಂದಲೇ ಆರಂಭವಾಗಬೇಕು ಎಂಬುದು ಆಗಿನ ಯೇಟ್ಸನ ಆಸೆ. ಇವನ್ನು ಅಗ್ಗದ ಮರುಮುದ್ರಣಗಳಲ್ಲಿ ಓದಿದವರಿಗೆ ಈ ಅರ್ಧಾಂಶ ಕಾಣಿಸುವುದೇ ಇಲ್ಲ.

ಆದರೆ ಸಂಗ್ರಹದ ಹೃದಯ ಇರುವುದು ಕವಿಯ ತಂಗಿ ಎಲಿಜಬೆತ್ ಯೇಟ್ಸ್ ನಡೆಸಿದ ಕೈಮುದ್ರಣಾಲಯದ ಪುಸ್ತಕಗಳಲ್ಲಿ. 1902ರಲ್ಲಿ ಡಬ್ಲಿನ್ ಸಮೀಪದ ಡಂಡ್ರಮ್ ಎಂಬಲ್ಲಿ ಎವಲಿನ್ ಗ್ಲೀಸನ್ ಎಂಬಾಕೆಯ ಜೊತೆಗೂಡಿ ಯೇಟ್ಸ್ ಸೋದರಿಯರು ‘ಡನ್ ಎಮರ್’ ಎಂಬ ಕುಶಲಕಲಾ ಕೇಂದ್ರವನ್ನು ಆರಂಭಿಸಿದರು. ಲಿಲಿ ಕಸೂತಿ ವಿಭಾಗವನ್ನು ನೋಡಿಕೊಂಡರು, ಎಲಿಜಬೆತ್ ಮುದ್ರಣವನ್ನು. ವಿಲಿಯಂ ಮಾರಿಸನ ಒಡನಾಡಿ ಎಮರಿ ವಾಕರ್ ಅವರ ಸಲಹೆಯಂತೆ ಲಂಡನ್ನಿನ ಮಹಿಳಾ ಮುದ್ರಣ ಸಂಘದಲ್ಲಿ ಅಲ್ಪಕಾಲ ತರಬೇತಿ ಪಡೆದು, ಒಂದು ಹಳೆಯ ಆಲ್ಬಿಯನ್ ಕೈಯಂತ್ರ, ಕ್ಯಾಸ್ಲನ್ ಮೊಳೆಗಳು, ಸ್ಯಾಗರ್ಟ್ ಗಿರಣಿಯಲ್ಲಿ ನಾರುಬಟ್ಟೆಯ ಚಿಂದಿಯಿಂದ ತಯಾರಾದ ಕಾಗದ, ಇಷ್ಟರಿಂದ ಅವರು ಕೆಲಸ ತೊಡಗಿದರು. ಮೊಳೆ ಜೋಡಿಸುವವರೂ ಅಚ್ಚು ಒತ್ತುವವರೂ ಸುತ್ತಲಿನ ಹುಡುಗಿಯರು. 1903ರಲ್ಲಿ ಹೊರಬಂದ ಮೊದಲ ಪುಸ್ತಕ ಅಣ್ಣನ ‘ಇನ್ ದಿ ಸೆವೆನ್ ವುಡ್ಸ್’, 325 ಪ್ರತಿ. ಅದರ ಕೊನೆಯಲ್ಲಿ ಮುದ್ರಣ ಮುಗಿದ ದಿನವನ್ನು ಹೇಳುವಾಗ ಆ ವರ್ಷವನ್ನು ಬಿರುಗಾಳಿಯಿಂದ ಗುರುತಿಸಲಾಗಿದೆ. ಓಲೆಗರಿಯ ಪುಷ್ಪಿಕೆಗಳಲ್ಲಿ ಸಂವತ್ಸರ, ಮಾಸ, ತಿಥಿಗಳ ಜೊತೆ ಬರೆದವನ ಊರು, ಬೆನ್ನು ಸೊಂಟಗಳ ನೋವು ಎಲ್ಲವನ್ನೂ ಓದಿ ಪಳಗಿದ ನಮ್ಮವರಿಗೆ ಈ ಕೆಂಪಕ್ಷರದ ಮುಕ್ತಾಯವಾಕ್ಯಗಳು ಪರಿಚಿತ ಮುಖದಂತೆ ಕಾಣುತ್ತವೆ.

1908ರಲ್ಲಿ ಸೋದರಿಯರು ಗ್ಲೀಸನ್ ಅವರಿಂದ ಬೇರೆಯಾದರು. ಮುದ್ರಣಾಲಯ ‘ಕುವಾಲಾ’ ಎಂಬ ಹೊಸ ಹೆಸರು ಪಡೆಯಿತು. 1940ರಲ್ಲಿ ಎಲಿಜಬೆತ್ ತೀರಿಕೊಂಡ ಬಳಿಕ ಜಾರ್ಜ್ ಯೇಟ್ಸ್ ಅದನ್ನು ನಡೆಸಿದರು. 1946ರವರೆಗೆ ಪುಸ್ತಕಗಳು ಬಂದವು. ಯೇಟ್ಸನ ಕವಿತೆಗಳು ಮೊದಲು ಈ ಮನೆಯ ಮುದ್ರಣದಲ್ಲಿ ಕೆಲವು ನೂರು ಪ್ರತಿಗಳಾಗಿ ಬಂದು, ಅನಂತರ ಲಂಡನ್ನಿನ ಮ್ಯಾಕ್‌ಮಿಲನ್ ಸಂಸ್ಥೆಯಿಂದ ಸಾರ್ವಜನಿಕರಿಗೆ ಬರುವುದು ವಾಡಿಕೆಯಾಯಿತು. ಹೀಗಾಗಿ ಎಷ್ಟೋ ಪ್ರಸಿದ್ಧ ಕವಿತೆಗಳ ಮೊದಲ ಗ್ರಂಥರೂಪ ಇರುವುದು ಈ ತೆಳು ಪುಸ್ತಕಗಳಲ್ಲಿ. ಅಣ್ಣ ಸಂಪಾದಕ, ತಂಗಿ ಮುದ್ರಕಿ. ಯಾವ ಪುಸ್ತಕ ಅಚ್ಚಾಗಬೇಕೆಂಬ ವಿಷಯದಲ್ಲಿ ಇಬ್ಬರಿಗೂ ಆಗಾಗ ಜಗಳ. ಸಾಹಿತ್ಯಚರಿತ್ರೆಗಳು ಅಣ್ಣನ ಅಭಿರುಚಿಯನ್ನು ಹೊಗಳಿದಷ್ಟು ತಂಗಿಯ ದುಡಿಮೆಯನ್ನು ಹೊಗಳಿಲ್ಲವೆಂಬುದು ನನ್ನ ಅಭಿಪ್ರಾಯ.

ಪ್ರತಿಗಳ ಸಂಖ್ಯೆ ಕಡಿಮೆಯಾಗಿರುವುದಕ್ಕೆ ಯಾವಾಗಲೂ ಕಲೆಯೇ ಕಾರಣವಲ್ಲ. 1916ರ ಏಪ್ರಿಲಿನ ಈಸ್ಟರ್ ದಂಗೆಯ ನಾಯಕರಲ್ಲಿ ಹದಿನೈದು ಮಂದಿಯನ್ನು ಬ್ರಿಟಿಷ್ ಸರ್ಕಾರ ಮೇ ತಿಂಗಳಲ್ಲಿ ಗುಂಡಿಕ್ಕಿ ಕೊಂದಿತು. ಅವರಲ್ಲಿ ಒಬ್ಬ, ಯೇಟ್ಸ್ ದೀರ್ಘಕಾಲ ಪ್ರೀತಿಸಿದ ಮಾಡ್ ಗಾನ್ ಅವರ ಅಗಲಿದ ಪತಿ ಜಾನ್ ಮೆಕ್‌ಬ್ರೈಡ್. ಯೇಟ್ಸ್ ‘ಈಸ್ಟರ್, 1916’ ಕವಿತೆಗೆ ಹಾಕಿದ ದಿನಾಂಕ ಆ ವರ್ಷದ ಸೆಪ್ಟೆಂಬರ್ 25. ಆದರೆ ಓದುಗರ ಕೈಗೆ ಅದು ಬರಲಿಲ್ಲ. ಪತ್ರಿಕಾ ಸಂಪಾದಕ ಕ್ಲೆಮೆಂಟ್ ಶಾರ್ಟರ್ ಗೆಳೆಯರಲ್ಲಿ ಹಂಚಲೆಂದು ಖಾಸಗಿಯಾಗಿ 25 ಪ್ರತಿಗಳನ್ನು ಮಾತ್ರ ಅಚ್ಚು ಹಾಕಿಸಿದರು. ಲುಸಿಟೇನಿಯ ಹಡಗಿನೊಂದಿಗೆ ಮುಳುಗಿಹೋದ ಹ್ಯೂ ಲೇನ್ ಅವರ ಚಿತ್ರಸಂಗ್ರಹವನ್ನು ಲಂಡನ್ನಿನಿಂದ ಡಬ್ಲಿನ್ನಿಗೆ ತರಲು ಯೇಟ್ಸ್ ಮತ್ತು ಲೇಡಿ ಗ್ರೆಗರಿ ಆಗ ಇಂಗ್ಲಿಷ್ ರಾಜಕಾರಣಿಗಳ ಬಾಗಿಲು ತಟ್ಟುತ್ತಿದ್ದರು. ಇಂಥ ಕವಿತೆ ಆ ಸಮಯದಲ್ಲಿ ಹೊರಬಂದರೆ ಕೆಲಸ ಕೆಡುತ್ತಿತ್ತು. ಕೊನೆಗೆ ಅದು ಸಾರ್ವಜನಿಕವಾಗಿ ಅಚ್ಚಾದದ್ದು 1920ರ ಅಕ್ಟೋಬರ್ 23ರಂದು, ಲಂಡನ್ನಿನ ‘ನ್ಯೂ ಸ್ಟೇಟ್ಸ್‌ಮನ್’ ವಾರಪತ್ರಿಕೆಯಲ್ಲಿ. ಆಗ ಐರ್ಲೆಂಡಿನಲ್ಲಿ ಸ್ವಾತಂತ್ರ್ಯದ ಯುದ್ಧ ನಡೆದಿತ್ತು. ಉಪವಾಸ ಹೂಡಿದ್ದ ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮೆಕ್‌ಸ್ವೀನಿ ಲಂಡನ್ನಿನ ಸೆರೆಮನೆಯಲ್ಲಿ ಸಾವಿನ ಅಂಚಿನಲ್ಲಿದ್ದರು, ಎರಡು ದಿನಗಳ ಬಳಿಕ ತೀರಿಕೊಂಡರು. 1916ರಲ್ಲಿ ಎಚ್ಚರಿಕೆಯಿಂದ ಅಡಗಿಸಿದ ಕವಿತೆಯನ್ನು ಅತ್ಯಂತ ಉರಿಯುವ ಗಳಿಗೆಯಲ್ಲಿ, ಅದೂ ಇಂಗ್ಲಿಷ್ ಓದುಗರ ಮುಂದೆ, ಕವಿ ಹೊರತಂದನು. ಸಮಗ್ರ ಸಂಪುಟದಲ್ಲಿ ಶೀರ್ಷಿಕೆಯ ವರ್ಷವನ್ನಷ್ಟೇ ನೋಡುವ ವಿದ್ಯಾರ್ಥಿ ಇದು ದಂಗೆಗೆ ಕೂಡಲೇ ಸಂದ ಬಹಿರಂಗ ಪ್ರತಿಕ್ರಿಯೆ ಎಂದು ತಿಳಿಯುತ್ತಾನೆ. ನಾಲ್ಕು ವರ್ಷಗಳ ಮೌನಕ್ಕೆ ಸಾಕ್ಷಿ ಆ 25 ಪ್ರತಿಗಳ ಪುಸ್ತಿಕೆ ಮಾತ್ರ.

ಇನ್ನು ಕೊನೆಯ ಕವಿತೆಗಳ ವಿಚಾರ. ಮ್ಯಾಕ್‌ಮಿಲನ್ನಿನ ಸಮಗ್ರ ಕವಿತೆಗಳ ಸಂಪುಟವನ್ನು ಓದಿ ಬೆಳೆದವರಿಗೆ ಯೇಟ್ಸನ ಭಾವಗೀತೆಗಳು ಮುಗಿಯುವುದು ‘ಅಂಡರ್ ಬೆನ್ ಬುಲ್ಬೆನ್’ ಕವಿತೆಯಿಂದ. ಆ ಕವಿತೆಯ ಕೊನೆಗೆ ಕವಿ ತನ್ನ ಸಮಾಧಿಲೇಖವನ್ನು ತಾನೇ ಬರೆದಿದ್ದಾನೆ. ಅದೇ ಸಾಲುಗಳು ಸ್ಲೈಗೋ ಪ್ರಾಂತದ ಡ್ರಮ್‌ಕ್ಲಿಫ್ ಚರ್ಚಿನ ಅಂಗಳದ ಕಲ್ಲಿನ ಮೇಲಿವೆ. 1948ರಲ್ಲಿ ಫ್ರಾನ್ಸಿನಿಂದ ಐರಿಷ್ ನೌಕಾಪಡೆಯ ಹಡಗಿನಲ್ಲಿ ಕವಿಯ ಅಸ್ಥಿಗಳನ್ನು ಅಲ್ಲಿಗೆ ತಂದು ಹೂಳಿದರು. (ಅವು ನಿಜವಾಗಿ ಆತನವೇ ಎಂಬ ಸಂಶಯವೂ ಎದ್ದಿದೆ, ಅದು ಬೇರೆಯ ಕತೆ.) ಬದುಕಿನ ಕೊನೆಯ ಮಾತು, ಪುಸ್ತಕದ ಕೊನೆಯ ಮಾತು, ಕಲ್ಲಿನ ಮೇಲಿನ ಮಾತು ಮೂರೂ ಒಂದೇ ಆಗಿರುವುದು ಎಷ್ಟು ಭವ್ಯ! ವಿಮರ್ಶಕರು ಇದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ.

ಆದರೆ ಕವಿ ಹಾಗೆ ಜೋಡಿಸಿರಲಿಲ್ಲ. ಸಾಯುವ ಮುನ್ನ ಆತ ತನ್ನ ಮುಂದಿನ ಪುಸ್ತಕದ ಪರಿವಿಡಿಯನ್ನು ಕೈಬರಹದಲ್ಲಿ ಬರೆದಿಟ್ಟಿದ್ದನು. 1939ರ ಬೇಸಿಗೆಯಲ್ಲಿ ಕುವಾಲಾದಿಂದ 500 ಪ್ರತಿಗಳಾಗಿ ಬಂದ ‘ಲಾಸ್ಟ್ ಪೊಯೆಮ್ಸ್ ಅಂಡ್ ಟೂ ಪ್ಲೇಸ್’ ಆ ಕ್ರಮವನ್ನು ಅನುಸರಿಸಿತು. ಅಲ್ಲಿ ‘ಅಂಡರ್ ಬೆನ್ ಬುಲ್ಬೆನ್’ ಇರುವುದು ಮೊಟ್ಟಮೊದಲು. ಅಂದರೆ ಸಮಾಧಿಯೊಳಗಿಂದ ಮಾತಾಡುವ ದನಿಯೊಂದು ಪುಸ್ತಕವನ್ನು ತೆರೆಯುತ್ತದೆ. ಅನಂತರ ವೀರರು, ಪ್ರತಿಮೆಗಳು, ಪ್ರೇತಗಳು, ಮುದುಕನ ಪಶ್ಚಾತ್ತಾಪಗಳು, ತನ್ನ ಹಳೆಯ ಕಾವ್ಯವಸ್ತುಗಳನ್ನೆಲ್ಲ ಹರಡಿಕೊಂಡು ನೋಡುವ ಒಂದು ಕವಿತೆ. ಎಲ್ಲ ಮುಗಿದ ಮೇಲೆ ಕವಿತೆಗಳ ಸಾಲಿನ ತುದಿಯಲ್ಲಿ ‘ಪಾಲಿಟಿಕ್ಸ್’ ಎಂಬ ಪುಟ್ಟ ಪದ್ಯ. ಯುರೋಪು ಯುದ್ಧದ ಮಾತಾಡುತ್ತಿರುವಾಗ ಎದುರು ನಿಂತ ಹುಡುಗಿಯ ಕಡೆಗೇ ಮುದುಕನ ಕಣ್ಣು ಹೋಗುವ ಪದ್ಯ ಅದು. ಮೃತ್ಯುವಿನಿಂದ ಹೊರಟು ಜೀವನದ ಆಸೆಗೆ ಬಂದು ನಿಲ್ಲುವ ಪುಸ್ತಕವನ್ನು ಕವಿ ಕಟ್ಟಿದ್ದನು. ಮರುವರ್ಷ ಮ್ಯಾಕ್‌ಮಿಲನ್ ‘ಲಾಸ್ಟ್ ಪೊಯೆಮ್ಸ್ ಅಂಡ್ ಪ್ಲೇಸ್’ ಹೊರತಂದಾಗ ಕ್ರಮ ಬದಲಾಯಿತು. 1938ರ ‘ನ್ಯೂ ಪೊಯೆಮ್ಸ್’ ಎಂಬ ಬೇರೆಯೇ ಪುಸ್ತಕದ ಕವಿತೆಗಳನ್ನೂ ಅದರೊಳಗೆ ಸೇರಿಸಲಾಯಿತು. ‘ಅಂಡರ್ ಬೆನ್ ಬುಲ್ಬೆನ್’ ಕೊನೆಗೆ ಹೋಯಿತು. ಇದನ್ನು ಮಾಡಿದವರು ಶತ್ರುಗಳಲ್ಲ. ಕವಿಯನ್ನು ಚೆನ್ನಾಗಿ ಬಲ್ಲ ಜಾರ್ಜ್ ಯೇಟ್ಸ್ ಮತ್ತು ಮ್ಯಾಕ್‌ಮಿಲನ್ನಿನ ನಿಷ್ಠಾವಂತ ಸಂಪಾದಕ ಥಾಮಸ್ ಮಾರ್ಕ್ ಅವರ ಕೈಯಲ್ಲೇ ಹೀಗಾಯಿತು. ಕವಿತೆಯ ಒಂದಕ್ಷರವನ್ನೂ ಬದಲಿಸದೆ ಕೇವಲ ಸ್ಥಾನ ಬದಲಿಸಿದ್ದರಿಂದ ಒಂದು ಪುಸ್ತಕದ ಅರ್ಥವೇ ತಿರುಗಿತು.

ಕರ್ಟಿಸ್ ಬ್ರಾಡ್‌ಫರ್ಡ್ 1961ರಲ್ಲಿ ಆ ಕೈಬರಹದ ಪರಿವಿಡಿಯನ್ನು ಮುಂದಿಟ್ಟು ಲೇಖನ ಬರೆದರು. ರಿಚರ್ಡ್ ಫಿನ್ನರನ್ 1983ರ ತಮ್ಮ ಆವೃತ್ತಿಯಲ್ಲಿ ಕವಿಯ ಕ್ರಮವನ್ನು ಮರಳಿ ಸ್ಥಾಪಿಸಿದರು. ಫಿನ್ನರನ್ ಅವರ ಇತರ ತೀರ್ಮಾನಗಳನ್ನು ವಾರ್ವಿಕ್ ಗೂಲ್ಡ್ ಮೊದಲಾದವರು ಬಲವಾಗಿ ವಿರೋಧಿಸಿದರು. ಕಥನಕವಿತೆಗಳನ್ನು ಬೇರ್ಪಡಿಸಿದ 1933ರ ಜನಪ್ರಿಯ ಸಂಪುಟದ ಕ್ರಮ ಸರಿಯೇ, ಅಥವಾ ಕಾಲಾನುಕ್ರಮವನ್ನು ಪಾಲಿಸಿದ 1949ರ ಎರಡು ಸಂಪುಟಗಳ ಕ್ರಮವೇ ಎಂಬ ವಾದ ಸುಲಭವಾಗಿ ಬಗೆಹರಿಯುವಂಥದಲ್ಲ. ಆ 1949ರ ಆವೃತ್ತಿಯೂ ಒಂದು ವಿಸ್ಮಯವೇ: 375 ಪ್ರತಿಗಳು, ಪ್ರತಿಯೊಂದರಲ್ಲೂ ಹತ್ತು ವರ್ಷದ ಹಿಂದೆ ತೀರಿಕೊಂಡ ಕವಿಯ ಸಹಿ. 1930ರ ದಶಕದಲ್ಲಿ ಯೋಜಿಸಿ ನಿಂತುಹೋದ ಭಾರೀ ಆವೃತ್ತಿಯೊಂದಕ್ಕಾಗಿ ಆತ ಮೊದಲೇ ಸಹಿ ಹಾಕಿಕೊಟ್ಟ ಹಾಳೆಗಳನ್ನು ಪ್ರಕಾಶಕರು ಜೋಪಾನ ಮಾಡಿದ್ದರು. ಕೊನೆಯ ಕವಿತೆಗಳ ಮಟ್ಟಿಗಂತೂ ನನ್ನ ಮತ ಸ್ಪಷ್ಟ: ಕವಿಯ ಕೈಬರಹದ ಸಾಕ್ಷ್ಯ ಇರುವಾಗ ಸಂಪಾದಕನ ರಸಿಕತೆ ಹಿಂದೆ ಸರಿಯಬೇಕು, ಅದು ಎಷ್ಟೇ ಭವ್ಯವಾಗಿ ಕಂಡರೂ.

ಭಾರತೀಯ ಓದುಗರು ಈ ಭಂಡಾರದಲ್ಲಿ ಹುಡುಕುವ ಕಪಾಟು ಬೇರೆ ಇರುತ್ತದೆ. ಲಂಡನ್ನಿನ ಇಂಡಿಯಾ ಸೊಸೈಟಿ 1912ರಲ್ಲಿ 750 ಪ್ರತಿ ಅಚ್ಚು ಹಾಕಿಸಿದ ರವೀಂದ್ರನಾಥ ಠಾಕೂರರ ‘ಗೀತಾಂಜಲಿ’ಗೆ ಯೇಟ್ಸ್ ಮುನ್ನುಡಿ ಬರೆದದ್ದು ಎಲ್ಲರಿಗೂ ಗೊತ್ತು. ಠಾಕೂರರ ‘ಡಾಕಘರ್’ ನಾಟಕದ ಇಂಗ್ಲಿಷ್ ಅನುವಾದ 1914ರಲ್ಲಿ ಕುವಾಲಾದಲ್ಲಿಯೇ 400 ಪ್ರತಿ ಅಚ್ಚಾಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ ಆ ನಾಟಕ ಡಬ್ಲಿನ್ನಿನ ಆಬಿ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತ್ತು. ಕೊನೆಯ ದಶಕದಲ್ಲಿ ಯೇಟ್ಸನ ಜೊತೆಗಾರರು ವಿದರ್ಭದ ಶ್ರೀ ಪುರೋಹಿತ ಸ್ವಾಮಿಗಳು. 1935-36ರ ಚಳಿಗಾಲದಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಕುಳಿತು ಇಬ್ಬರೂ ಹತ್ತು ಉಪನಿಷತ್ತುಗಳನ್ನು ಇಂಗ್ಲಿಷಿಗೆ ತಂದರು. 1937ರಲ್ಲಿ ಅದು ಪುಸ್ತಕವಾಯಿತು. ಅದಕ್ಕೆ ಮೊದಲೇ 1934ರಲ್ಲಿ, ಸ್ವಾಮಿಗಳ ಗುರು ಭಗವಾನ್ ಶ್ರೀ ಹಂಸರ ಮಾನಸ ಸರೋವರ, ಕೈಲಾಸ ಯಾತ್ರೆಯ ವೃತ್ತಾಂತ ‘ದಿ ಹೋಲಿ ಮೌಂಟನ್’ ಎಂಬ ಹೆಸರಿನಲ್ಲಿ ಯೇಟ್ಸನ ಪೀಠಿಕೆಯೊಂದಿಗೆ ಬಂತು. ‘ಮೇರು’ ಎಂಬ ಆತನ ಕವಿತೆ ಇದೇ ಓದಿನ ಫಲ. ಕೈಲಾಸವನ್ನೂ ಮೇರುವನ್ನೂ ಯೇಟ್ಸ್ ಒಂದೇ ಎಂದು ತಿಳಿದನು. ಜೈನ ಪುರಾಣಗಳ ಪರಿಚಯವಿರುವವರು ಇಲ್ಲಿ ಕ್ಷಣ ನಿಲ್ಲುತ್ತಾರೆ: ಆದಿನಾಥನ ಜನ್ಮಾಭಿಷೇಕ ನಡೆದದ್ದು ಜಂಬೂದ್ವೀಪದ ನಡುವಿನ ಮೇರುವಿನ ಮೇಲೆ, ನಿರ್ವಾಣ ಕೈಲಾಸದಲ್ಲಿ. ಹುಟ್ಟಿನ ಬೆಟ್ಟ ಬೇರೆ, ಬಿಡುಗಡೆಯ ಬೆಟ್ಟ ಬೇರೆ. ಪಂಪನನ್ನು ಓದಿದವರಿಗೆ ಗೊಂದಲವೆನಿಸುವ ಈ ಬೆರಕೆಯಿಂದಲೇ ಯೇಟ್ಸನಿಗೆ ಒಂದು ಒಳ್ಳೆಯ ಕವಿತೆ ದಕ್ಕಿತು ಎಂಬುದನ್ನೂ ಒಪ್ಪಬೇಕು.

ಕನ್ನಡಕ್ಕೂ ಡಬ್ಲಿನ್ನಿಗೂ ನೇರವಾದ ಒಂದು ಎಳೆ ಇದೆ. ಆದರೆ ಅದು ಯೇಟ್ಸನ ಮೂಲಕ ಬಂದುದಲ್ಲ. ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಡಬ್ಲಿನ್ನಿನ ನವೋದಯದಲ್ಲಿ ಕವಿ, ನಾಟಕಕಾರನಾಗಿ ಪಾಲುಗೊಂಡ ಜೇಮ್ಸ್ ಕಸಿನ್ಸ್ ಅವರ ಬರಹ ಯೇಟ್ಸನಿಗೆ ಹಿಡಿಸಿರಲಿಲ್ಲ. 1915ರಲ್ಲಿ ಕಸಿನ್ಸ್ ಥಿಯಾಸಫಿಯ ಹಾದಿ ಹಿಡಿದು ಮದರಾಸಿಗೆ ಬಂದರು, ಮದನಪಲ್ಲಿಯಲ್ಲಿ ನೆಲೆಸಿದರು, ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ನೆರವಾದರು. 1924ರಲ್ಲಿ ಮೈಸೂರಿನಲ್ಲಿ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಬಂದ ತರುಣ ಪುಟ್ಟಪ್ಪನವರಿಗೆ ಕನ್ನಡದಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದವರು ಇವರೇ. ತಾಯ್ನುಡಿಯಿಂದ ದೂರವಾದ ಜನಾಂಗದ ಕವಿಯಾಗಿದ್ದುದರಿಂದಲೇ ಕಸಿನ್ಸರಿಗೆ ಆ ಪ್ರಶ್ನೆ ಹೊಳೆಯಿತೆಂದು ನಾನು ಭಾವಿಸುತ್ತೇನೆ. ಯೇಟ್ಸ್ ಕನ್ನಡಕ್ಕೆ ಬಂದದ್ದು ಆಮೇಲೆ, ನವ್ಯದ ಕಾಲದಲ್ಲಿ, ಎಲಿಯಟ್ಟನ ಜೊತೆಗೆ. ಯು. ಆರ್. ಅನಂತಮೂರ್ತಿಯವರು ಆತನ ಕವಿತೆಗಳನ್ನು ಅನುವಾದಿಸಿ, ವಿವರಿಸಿ ‘ಶತಮಾನದ ಕವಿ ಯೇಟ್ಸ್’ ಎಂಬ ಪುಸ್ತಕ ಬರೆದರು.

ಕಿಲ್ಡೇರ್ ಬೀದಿಯ ಸಂಗ್ರಹ ದೊಡ್ಡದಾದರೂ ಪೂರ್ಣವಲ್ಲ. ಯೇಟ್ಸನ ಕಾಗದಗಳು ಆತ ಬದುಕಿರುವಾಗಲೇ ಸಮುದ್ರ ದಾಟತೊಡಗಿದ್ದವು. ನ್ಯೂಯಾರ್ಕಿನ ವಕೀಲ ಜಾನ್ ಕ್ವಿನ್ ಹಸ್ತಪ್ರತಿಗಳನ್ನು ಕೊಂಡರು. ಲೇಡಿ ಗ್ರೆಗರಿಯವರ ಕಾಗದಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಬರ್ಗ್ ಸಂಗ್ರಹದಲ್ಲಿವೆ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಪಿ. ಎಸ್. ಓ’ಹೆಗರ್ಟಿಯವರ (1879-1955) ಪುಸ್ತಕಗಳ ಕತೆ. ಅವರು ಐರಿಷ್ ಗಣರಾಜ್ಯವಾದಿ ಗುಪ್ತಸಂಘದ ಪ್ರಮುಖರು. ಬ್ರಿಟಿಷ್ ಅಂಚೆ ಇಲಾಖೆಯಲ್ಲಿದ್ದು, 1918ರಲ್ಲಿ ರಾಜನಿಷ್ಠೆಯ ಪ್ರಮಾಣ ಮಾಡಲೊಲ್ಲದೆ ಕೆಲಸ ಬಿಟ್ಟು ಡಬ್ಲಿನ್ನಿನಲ್ಲಿ ಪುಸ್ತಕದ ಅಂಗಡಿ ಇಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1922ರಿಂದ 1945ರವರೆಗೆ ಅಂಚೆ ಮತ್ತು ತಂತಿ ಇಲಾಖೆಯ ಕಾರ್ಯದರ್ಶಿಯಾದರು. ಜೀವನವಿಡೀ ಐರಿಷ್ ಪುಸ್ತಕಗಳನ್ನು ಕೂಡಿಹಾಕಿದರು, ಯೇಟ್ಸನ ಗ್ರಂಥಸೂಚಿಗೆ ಬೇಕಾದ ಟಿಪ್ಪಣಿಗಳನ್ನು ಬರೆದು ಪ್ರಕಟಿಸಿದರು. 1950ರ ದಶಕದಲ್ಲಿ ಅವರ ಭಂಡಾರವನ್ನು ಕೊಂಡದ್ದು ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯ. 1958ರಲ್ಲಿ ಅಲ್ಲಿ ನಡೆದ ಯೇಟ್ಸ್ ಪ್ರದರ್ಶನಕ್ಕೆ ಹೆಸ್ಟರ್ ಬ್ಲ್ಯಾಕ್ ಎಂಬವರು ಸಿದ್ಧಪಡಿಸಿದ ಸೂಚಿ ಇಂದಿಗೂ ಉಪಯುಕ್ತ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಪ್ರಮಾಣ ನಿರಾಕರಿಸಿದವನ ಪುಸ್ತಕಗಳು ಗೋಧಿಹೊಲಗಳ ನಡುವಣ ಲಾರೆನ್ಸ್ ಪಟ್ಟಣ ಸೇರಿದವು. ಇದನ್ನು ನಷ್ಟವೆಂದು ಕರೆಯಲು ನನಗೆ ಪೂರ್ತಿ ಮನಸ್ಸಿಲ್ಲ. ಅಲ್ಲಿ ಅವು ಬಿಡಿಬಿಡಿಯಾಗಿ ಮಾರಾಟವಾಗದೆ ಒಟ್ಟಿಗೆ ಉಳಿದವು, ಓದಿಗೆ ಒದಗಿದವು. ನಿಜವಾದ ನಷ್ಟ ಚದುರುವುದರಲ್ಲಿದೆ. 2017ರ ಸೆಪ್ಟೆಂಬರ್ 27ರಂದು ಲಂಡನ್ನಿನ ಸದಬೀಸ್ ಸಂಸ್ಥೆ ಯೇಟ್ಸ್ ಕುಟುಂಬದ ಬಳಿ ಉಳಿದಿದ್ದ ವಸ್ತುಗಳನ್ನು ಹರಾಜಿಗಿಟ್ಟಾಗ ಐರ್ಲೆಂಡಿನಲ್ಲಿ ಕಳವಳವಾದದ್ದು ಇದಕ್ಕಾಗಿ. ಕೆಲವನ್ನು ರಾಷ್ಟ್ರೀಯ ಗ್ರಂಥಾಲಯ ಪಡೆದುಕೊಂಡಿತು. ಉಳಿದವು ಯಾರು ಯಾರದೋ ಮನೆ ಸೇರಿದವು. ಅದೇ ಕುಟುಂಬ ದಶಕಗಳ ಕಾಲ ದೇಶಕ್ಕೆ ಕೊಟ್ಟ ದಾನಗಳನ್ನು ನೆನೆದರೆ ಅವರನ್ನು ದೂರುವುದೂ ನ್ಯಾಯವಲ್ಲ.

ಡಬ್ಲಿನ್ನಿಗಾಗಲಿ ಲಾರೆನ್ಸಿಗಾಗಲಿ ಹೋಗಲಾರದ ನಮ್ಮ ವಿದ್ಯಾರ್ಥಿಗಳಿಗೆ ದಾರಿ ಮುಚ್ಚಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಮುದ್ರಣಾಲಯ 1982ರಿಂದ ಯೇಟ್ಸನ ಹಸ್ತಪ್ರತಿಗಳ ಛಾಯಾಚಿತ್ರಗಳನ್ನೂ ಲಿಪ್ಯಂತರವನ್ನೂ ಸಂಪುಟ ಸಂಪುಟವಾಗಿ ಹೊರತಂದಿದೆ. ಡನ್ ಎಮರ್, ಕುವಾಲಾ ಪುಸ್ತಕಗಳನ್ನು ಐರಿಷ್ ಯೂನಿವರ್ಸಿಟಿ ಪ್ರೆಸ್ 1970ರ ಸುಮಾರಿಗೆ ಮೂಲದಂತೆಯೇ ಮರುಮುದ್ರಿಸಿತು. 1957ರ ಪಾಠಾಂತರ ಆವೃತ್ತಿಯನ್ನು ಒಂದು ಕೈಯಲ್ಲಿ, 1939ರ ಕುವಾಲಾ ಪುಸ್ತಕದ ಈ ಮರುಮುದ್ರಣವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬೆನ್ ಬುಲ್ಬೆನ್‌ನಿಂದ ಆರಂಭಿಸಿ ‘ಪಾಲಿಟಿಕ್ಸ್’ವರೆಗೆ ಒಂದೇ ಓಘದಲ್ಲಿ ಓದಲು ಒಂದು ಮಧ್ಯಾಹ್ನ ಸಾಕು.